ಭಾನುಪ್ರಕಾಶ್ ಬರ್ತಾರಂತೆ

ಆ ಭಾನುವಾರ ಬೆಳಗ್ಗೆ ಬೆಂಗಳೂರಿನ ಅಂಚಿನ ಮಾಕಳಿಯ ಗೋಪಾಲಪ್ಪನವರು ಹಿತ್ತಲಿನ ಖಾಲಿ ರೂಮಿಗೆ ಸುಣ್ಣ ಬಳಿಯೋಣವೆಂದು ಬಾಗಿಲು ತೆಗೆದರು. ತೆಗೆದಷ್ಟೇ ಬೇಗ ಮುಚ್ಚಿದರು. ಒಳಗೆ ಹಳೇ ಮಂಚದ ಕೆಳಗೆ ಒಂದು ನಾಗರಹಾವು, ಬಾಡಿಗೆ ಮಾತಾಡಿ ಮುಗಿಸಿದವರ ಹಾಗೆ, ನೆಮ್ಮದಿಯಾಗಿ ಸುತ್ತಿಕೊಂಡು ಮಲಗಿತ್ತು.

ಅವರಿಗೆ ಹಾವಿನ ಭಯಕ್ಕಿಂತ ಬಾಡಿಗೆದಾರರ ಭಯ ಹೆಚ್ಚು. ಸಾಲು ರೂಮುಗಳಲ್ಲಿ ಇದ್ದವರೆಲ್ಲ ಬಾಗಲಕೋಟೆ, ಯಾದಗಿರಿ ಕಡೆಯಿಂದ ಬಂದು ಸುತ್ತಲಿನ ಫ್ಯಾಕ್ಟರಿಗಳಲ್ಲಿ ದುಡಿಯುವವರು. ಬೀದಿ ತುಂಬ ಹೊಸ ಬಿಲ್ಡಿಂಗುಗಳು ಎದ್ದು, ಬಾಡಿಗೆಗೆ ಬನ್ನಿ ಎಂದು ಕೈಬೀಸಿ ಕರೆಯುತ್ತಿದ್ದ ಕಾಲ. ಹಾವಿನ ಸುದ್ದಿ ಹೊರಬಿದ್ದರೆ ಸಂಜೆಯೊಳಗೆ ವಠಾರ ಖಾಲಿ. ಅದರಲ್ಲೂ ಮೊದಲ ರೂಮಿನ ಮಹಾನಂದಾ ಬಲು ಮೆತ್ತನೆ ಹೆಂಗಸು, ಕೇಳಿದ ಕೂಡಲೇ ಗಂಟುಮೂಟೆ ಕಟ್ಟುತ್ತಾಳೆಂದು ಅವರ ಅಂದಾಜು.

ಹಾಗಾಗಿ ಹೆಂಡತಿ ಪಿಳ್ಳಮ್ಮನಿಗೂ ಹೇಳದೆ, ನೀರಿನ ತೊಟ್ಟಿಯ ಹಿಂದೆ ನಿಂತು, ಹಾವು ಹಿಡಿಯುವುದರಲ್ಲಿ ಹೆಸರಾದ ಭಾನುಪ್ರಕಾಶರಿಗೆ ಫೋನು ಹಚ್ಚಿದರು. ಗೋಪಾಲಪ್ಪನವರ ಪಿಸುಮಾತೆಂದರೆ ಬಸ್ ಕಂಡಕ್ಟರ್ ಸ್ಟಾಪು ಕೂಗಿದ ಹಾಗೆ.

"ಭಾನುಪ್ರಕಾಶ್ ಸಾರ್, ಒಂದ್ಕಿತ ನಮ್ಮನೆಗ್ ಬಂದೋಗಿ. ಸದ್ದಿಲ್ದಂಗ್ ಬನ್ನಿ, ಯಾರ್ಗೂ ಗೊತ್ತಾಗ್ಬಾರ್ದು."

ಪಕ್ಕದ ಮನೆಯ ತಾರಸಿ ಮೇಲೆ ಸಂಡಿಗೆ ಇಡುತ್ತಿದ್ದ ಶೋಭಾರಾಣಿಗೆ ಇಷ್ಟು ಸಾಕಾಯಿತು. ಆಕೆಯ ಪಾಲಿಗೆ ಲೋಕದಲ್ಲಿ ಇರುವುದು ಒಬ್ಬನೇ ಭಾನುಪ್ರಕಾಶ್: ದಿನಾ ಸಂಜೆ ಟಿವಿ ಧಾರಾವಾಹಿಯಲ್ಲಿ ಮಲತಾಯಿಗಾಗಿ ಕಣ್ಣೀರಿಡುವ ನಾಯಕನಟ. ಶೂಟಿಂಗಿಗೆ ಮನೆ ನೋಡಲು ಬರುತ್ತಿದ್ದಾನೆಂದು ತಾನೇ ತೀರ್ಮಾನಿಸಿ, ಕೈಗೆ ಮೆತ್ತಿದ್ದ ಹಿಟ್ಟು ತೊಳೆಯದೆಯೇ ಬೀದಿ ನಲ್ಲಿಯ ಬಳಿ ಸುದ್ದಿ ಇಳಿಸಿದಳು.

ಅಲ್ಲಿ ನೀರು ಹಿಡಿಯುತ್ತಿದ್ದ ಮೂರನೇ ರೂಮಿನ ಹಣಮಂತನ ಪ್ರಕಾರವೂ ಲೋಕದಲ್ಲಿ ಇರುವುದು ಒಬ್ಬನೇ ಭಾನುಪ್ರಕಾಶ್. ಆದರೆ ಅವನು ಕಬಡ್ಡಿ ಆಟಗಾರ. ಎದುರಾಳಿಗಳು ಏಳು ಜನ ಸೇರಿ ಎಳೆದರೂ ಗೆರೆ ಮುಟ್ಟಿ ಬರುವ ಗಂಡು. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಗೋಪಾಲಪ್ಪನವರನ್ನೇ ಕೇಳುವುದೆಂದಾಯಿತು. ನಮ್ಮ ಭಾನುಪ್ರಕಾಶೇ ತಾನೇ ಎಂದು ಶೋಭಾರಾಣಿ ಕೇಳಿದಳು. ಗೋಪಾಲಪ್ಪ ತಲೆಯಾಡಿಸಿದರು. ನಮ್ಮ ಭಾನುಪ್ರಕಾಶನ ಹೌದಲ್ಲರಿ ಎಂದು ಹಣಮಂತ ಕೇಳಿದ. ಅವನಿಗೂ ತಲೆಯಾಡಿಸಿದರು. ಯಾವ ಭಾನುಪ್ರಕಾಶ್ ಎಂದು ಬಾಯಿ ಬಿಟ್ಟರೆ ಹಾವು ಹೊರಗೆ ಬರುತ್ತಿತ್ತು.

ಹತ್ತು ಗಂಟೆಯೊಳಗೆ ಅಂಗಳ ಮದುವೆ ಮನೆಯಾಯಿತು. ಹೆಂಗಸರು ರಂಗೋಲಿ ಬಿಟ್ಟರು. ಹಣಮಂತನ ಗೆಳೆಯರು ಬಾರಿಸುವ ಹಲಗೆ ತಂದು, ಚರ್ಮ ಬಿಗಿಯಾಗಲೆಂದು ಬೆಂಕಿಗೆ ಕಾಯಿಸತೊಡಗಿದರು. ನನಗೊಂದು ಮಾತು ಹೇಳಬಾರದಿತ್ತೇ ಎಂದು ಗಂಡನಿಗೆ ಗೊಣಗುತ್ತಲೇ ಪಿಳ್ಳಮ್ಮ ದೊಡ್ಡ ಪಾತ್ರೆಯಲ್ಲಿ ಕೇಸರಿಬಾತಿಗೆ ತುಪ್ಪ ಸುರಿದರು. ಗೋಪಾಲಪ್ಪನವರು ಮಾತ್ರ ಹಿತ್ತಲಿನ ಬಾಗಿಲ ಸಂದಿಗೆ ಹೆಗಲ ಟವೆಲು ತುರುಕಿ, ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಲಗೆಯ ಒಂದೊಂದು ಏಟಿಗೂ ಅವರ ಕಾಲು ತಾನಾಗಿ ಮೇಲೇಳುತ್ತಿತ್ತು.

ಅಷ್ಟರಲ್ಲಿ ಶೋಭಾರಾಣಿ ಬಂದು, ಹೀರೋ ಬಂದರೆ ಮೇಕಪ್ಪಿಗೆ ಕೂರಲು ಜಾಗ ಬೇಕು, ಈ ರೂಮು ಹೇಗೂ ಖಾಲಿಯಿದೆಯಲ್ಲ ಎಂದು ಚಿಲಕಕ್ಕೆ ಕೈಹಾಕಿದಳು.

"ತೆಗೀಬ್ಯಾಡ ಕಣಮ್ಮ," ಗೋಪಾಲಪ್ಪ ಅಡ್ಡ ನಿಂತರು. "ಒಳಗೆ ದ್ಯಾವ್ರದೆ."

ಒಂದು ಲೆಕ್ಕಕ್ಕೆ ಅದು ಸುಳ್ಳೇನಲ್ಲ. ಆದರೆ ದೇವರು ಎಂದ ಮೇಲೆ ಜನ ಸುಮ್ಮನಿರುತ್ತಾರೆಯೇ? ಬಾಗಿಲಿಗೆ ಅರಿಶಿನ ಕುಂಕುಮ ಬಿತ್ತು, ಊದಿನಕಡ್ಡಿ ಹತ್ತಿತು, ಯಾರೋ ಹೊಸ್ತಿಲ ಮೇಲೇ ತೆಂಗಿನಕಾಯಿ ಒಡೆದರು. ಒಳಗಿನಿಂದ ಬುಸ್ ಎಂದಿತು. ಗೋಪಾಲಪ್ಪ ಎಲ್ಲರಿಗೂ ಕೇಳುವಂತೆ ಸೀನಿದರು.

ಕಡೆಗೂ ಸ್ಕೂಟರೊಂದು ಬಂದು ನಿಂತಿತು. ಹೆಲ್ಮೆಟ್ ತೆಗೆದವನು ಬಡಕಲು ಆಸಾಮಿ. ಒಂದು ಕೈಯಲ್ಲಿ ಬಟ್ಟೆಚೀಲ, ಇನ್ನೊಂದರಲ್ಲಿ ತುದಿ ಬಾಗಿದ ಕಬ್ಬಿಣದ ಸರಳು. ಮೇಕಪ್ಪಿಲ್ಲದಿದ್ದರೆ ನಟರು ಹೀಗೇ ಎಂದು ಶೋಭಾರಾಣಿ ಸಮಾಧಾನ ಮಾಡಿಕೊಂಡಳು. ಮೊಣಕಾಲಿಗೆ ಪೆಟ್ಟಾದ ಮೇಲೆ ಭಾಳ ಇಳದಾನ ಎಂದು ಹಣಮಂತ ಮರುಗಿದ. ಹಲಗೆ ಮೊಳಗಿತು, ಹಾರ ಬಿತ್ತು, ಆರತಿ ಆಯಿತು. ಇಷ್ಟು ದಿನ ಯಾರ ಮನೆಗೆ ಹೋದರೂ ಜನ ಹಿಂದೆ ಸರಿಯುವುದನ್ನೇ ಕಂಡಿದ್ದ ಆ ಮನುಷ್ಯ ಹಾರ ಹಾಕಿಸಿಕೊಂಡು ಕಣ್ಣು ಪಿಳಿಪಿಳಿ ಬಿಟ್ಟ.

ಆಗ ಮಹಾನಂದಾ ಗುಂಪು ಸೀಳಿ ಮುಂದೆ ಬಂದಳು.

"ಇವ್ರು ಹಾವು ಹಿಡಿಯೋ ಭಾನುಪ್ರಕಾಶ್ ಅಲ್ಲೇನ್ರಿ? ಇವ್ರ ವಿಡಿಯೋ ನೋಡಲಾರ್ದ ನಾ ಒಂದಿನಾನೂ ಮಲಗಂಗಿಲ್ಲ."

ಹಲಗೆ ನಿಂತಿತು. ಎಲ್ಲರೂ ಗೋಪಾಲಪ್ಪನವರ ಕಡೆ ತಿರುಗಿದರು. ಅವರ ಬಾಯಿಂದ ಸತ್ಯ, ಟ್ಯಾಂಕರಿನ ಪೈಪಿನಿಂದ ನೀರು ಬಂದ ಹಾಗೆ, ತೊಟ್ಟು ತೊಟ್ಟಾಗಿ ಬಂದು ಆಮೇಲೆ ಒಮ್ಮೆಗೇ ಸುರಿಯಿತು. ವಠಾರ ಈಗ ಖಾಲಿಯಾಯಿತು ಎಂದುಕೊಂಡು ಕಣ್ಣು ಮುಚ್ಚಿದರು.

ಕಣ್ಣು ಬಿಟ್ಟಾಗ ಜನ ಓಡಿರಲಿಲ್ಲ. ಆ ರೂಮಿನ ಕಿಟಕಿಯ ಬಳಿ ಜಾಗಕ್ಕಾಗಿ ಒಬ್ಬರನ್ನೊಬ್ಬರು ನೂಕುತ್ತಿದ್ದರು. ಭಾನುಪ್ರಕಾಶ್ ಒಳಹೋಗಿ, ಮಗುವನ್ನು ತೊಟ್ಟಿಲಿಂದ ಎತ್ತುವ ನಾಜೂಕಿನಲ್ಲಿ ಹಾವನ್ನು ಎತ್ತಿ ಚೀಲಕ್ಕಿಳಿಸಿದ. ಧಾರಾವಾಹಿ ಪಕ್ಷ, ಕಬಡ್ಡಿ ಪಕ್ಷ ಎರಡೂ ಒಂದಾಗಿ ಚಪ್ಪಾಳೆ ತಟ್ಟಿದವು. ನಟ ಬಂದಿದ್ದರೆ ಬರೀ ಅಳುತ್ತಿದ್ದ, ಇದೇ ಚೆಂದ ಎಂದು ಶೋಭಾರಾಣಿಯೇ ಒಪ್ಪಿಕೊಂಡಳು. ಕೇಸರಿಬಾತು ಎಲ್ಲರ ಕೈಗೂ ಬಂತು. ಒಬ್ಬ ಬಾಡಿಗೆದಾರನೂ ಬಿಟ್ಟುಹೋಗುವ ಮಾತೆತ್ತಲಿಲ್ಲ. ಗೋಪಾಲಪ್ಪನವರ ಎದೆ ಅಗಲವಾಯಿತು. ನಾಲ್ಕು ಮಾತಾಡಿ ಎಂದು ಅವರೇ ಅತಿಥಿಯನ್ನು ಕುರ್ಚಿ ಹತ್ತಿಸಿದರು.

ಭಾನುಪ್ರಕಾಶ್ ಕೊರಳ ಹಾರ ಸರಿಮಾಡಿಕೊಂಡ. "ಬೆಂಗಳೂರಲ್ಲಿ ನಂಗೆ ಯಾರೂ ಮನೆ ಕೊಡಲ್ಲ ಸಾರ್. ಹಿಡಿದಿದ್ದನ್ನ ಕಾಡಿಗೆ ಬಿಡೋ ತನಕ ಒಂದೆರಡು ದಿನ ರೂಮಲ್ಲೇ ಇಟ್ಕೋಬೇಕಾಗುತ್ತೆ ಅಂತ ಓನರ್‌ಗಳು ಓಡಿಸ್ಬಿಡ್ತಾರೆ. ನೀವು ಹಾರ ಹಾಕಿ ಕರ್ಕೊಂಡ್ರಿ. ಈ ರೂಮು ಖಾಲಿ ಇದೆಯಂತಲ್ಲ..."

ಮಾತು ಮುಗಿಯುವ ಮೊದಲೇ ಅಂಗಳವೆಲ್ಲ ಹೋ ಎಂದಿತು. ಕೊಟ್ಟುಬಿಡಿ ಎಂದು ಮಹಾನಂದಾ ಮಾಲೀಕರಿಗೆ ಕೈಮುಗಿದಳು. ಗೋಪಾಲಪ್ಪ ಊಹೂಂ ಅನ್ನಲು ಉಸಿರು ಹುಡುಕುತ್ತಿರುವಾಗಲೇ ಪಿಳ್ಳಮ್ಮ, ಹೆಸರಾಂತ ಮನುಷ್ಯ ನಮ್ಮ ಮನೆಗೆ ಬರುವುದು ಪುಣ್ಯವೆಂದು, ಸೆರಗಿನ ತುದಿಯಿಂದ ಬೀಗದ ಕೈ ಬಿಚ್ಚಿ ಕೊಟ್ಟೇಬಿಟ್ಟರು.

ಸಂಜೆಗೆ ಲಗೇಜ್ ಆಟೋ ಬಂತು. ಒಂದು ಹಾಸಿಗೆ, ಒಂದು ಸ್ಟವ್, ಮತ್ತೆ ತೂತು ಕೊರೆದ ಡಬ್ಬಗಳ ಉದ್ದನೆಯ ಸಾಲು. ಹಣಮಂತನ ಗೆಳೆಯರು ಡಬ್ಬಗಳನ್ನು ಜೋಪಾನವಾಗಿ ಒಳಗೆ ಸಾಗಿಸಿದರು. ಕೊನೆಯಲ್ಲಿ ಉಳಿದ ಬಟ್ಟೆಚೀಲವೊಂದನ್ನು ಭಾನುಪ್ರಕಾಶ್ ಬಲು ಗೌರವದಿಂದ ಗೋಪಾಲಪ್ಪನವರ ಕೈಗಿತ್ತ.

"ಓನರ್ ಸಾರ್, ಒಂದ್ನಿಮಿಷ ಹಿಡ್ಕೊಂಡಿರಿ. ಸ್ಟವ್ ಇಳಿಸಿ ಬಂದೆ."

ಶೋಭಾರಾಣಿ ಮೊಬೈಲ್ ಎತ್ತಿ, ಸ್ವಲ್ಪ ನಗಿ ಅಂದಳು. ಗೋಪಾಲಪ್ಪನವರು ನಕ್ಕರು. ಕೈಯಲ್ಲಿದ್ದ ಚೀಲ ಮೆಲ್ಲಗೆ ಮಗ್ಗುಲು ಬದಲಿಸಿತು.