ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ನೋಡಿದ ಹೆಸರು

ಗಂಡು ಮಗು ಹುಟ್ಟಿದ ಸಂತೋಷ ಕಾಂತರಾಜುವಿಗೆ ಸಂಜೆಯವರೆಗೂ ಉಳಿಯಲಿಲ್ಲ. ಹಾಸನದ ಬಳಿಯ ದುದ್ದದ ತನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಗಿರಾಕಿಗಳಿಗೆ ಲಾಡು ಹಂಚುತ್ತಿದ್ದಾಗ ಯಾರೋ ಬಾಯಿ ಚಪ್ಪರಿಸುತ್ತ ಮಗುವಿಗೆ ಹೆಸರೇನು ಇಡ್ತೀಯ ಎಂದು ಕೇಳಿಬಿಟ್ಟರು. ಅಲ್ಲಿಂದ ಶುರುವಾಯಿತು ನಡುಕ.

ಭಯಕ್ಕೆ ಕಾರಣವಿತ್ತು. ದುದ್ದದ ಸುತ್ತಮುತ್ತ ಕಾಂತರಾಜುಗಳಿಗೆ ಬರವಿಲ್ಲ. ಗುರುತಿಗೆಂದು ಊರೇ ಒಬ್ಬೊಬ್ಬರಿಗೂ ಒಂದೊಂದು ಬಿರುದು ದಯಪಾಲಿಸಿತ್ತು. ಬೋರ್‌ವೆಲ್ ಕಾಂತರಾಜು, ಡೈರಿ ಕಾಂತರಾಜು, ಇವೆಲ್ಲ ಗೌರವದವು. ನಮ್ಮ ಕಾಂತರಾಜು ಚಿಕ್ಕವನಿದ್ದಾಗ ಹಗ್ಗವನ್ನು ಹಾವೆಂದು ಹೆದರಿ ಓಡಿ ತಿಪ್ಪೆಗೆ ಬಿದ್ದಿದ್ದ. ಅಂದಿನಿಂದ ಅವನು ತಿಪ್ಪೆ ಕಾಂತರಾಜು. (ಮದುವೆಯ ದಿನ ಓಲಗದವನು ತಿಪ್ಪೆ ಕಾಂತರಾಜಣ್ಣನ ಛತ್ರ ಇದೇನಾ ಎಂದು ಕೇಳಿಕೊಂಡೇ ಒಳಗೆ ಬಂದಿದ್ದ. ಅದು ಮನೆತನದ ಹೆಸರಿರಬೇಕೆಂದು ಬೀಗರು ತಿಳಿದದ್ದು ಪುಣ್ಯ.) ಮಗನಿಗೂ ನಾಲ್ಕು ಜನರಿಗಿರುವ ಹೆಸರಿಟ್ಟರೆ ಊರು ಸುಮ್ಮನಿರುತ್ತದೆಯೇ? ಅವನಿಗೂ ಏನಾದರೊಂದು ಅಂಟಿಸುತ್ತದೆ.

ಅವನ ತಾಯಿ ದೊಡ್ಡತಾಯಮ್ಮನಿಗೆ ಇಂಥ ಭಯಗಳಿರಲಿಲ್ಲ. "ಮಂಜುನಾತ ಅಂತ ಮಡಗ್ಲಾ. ಕರ್ದಾಗೆಲ್ಲ ದೇವರ ಎಸ್ರು ಏಳ್ದಂಗಾಯ್ತದೆ" ಎಂದರು.

"ಅವ್ವ, ನಮ್ ಬೀದೀಲಿ ಮಂಜುನಾಥ ಅಂತ ಕರುದ್ರೆ ನಾಲ್ಕು ಮನೆ ಬಾಗ್ಲು ತೆಗೀತವೆ" ಎಂದು ಕಾಂತರಾಜು ಗೋಳಾಡಿದ.

ಜೋಯಿಸರು ಶತಭಿಷ ನಕ್ಷತ್ರ, ‘ಸು’ ಅಕ್ಷರದಿಂದ ಹೆಸರಿಡಿ ಎಂದಿದ್ದರು. ಫೋನಿನಲ್ಲಿ ಹುಡುಕಿದರೆ ಗಂಡುಮಕ್ಕಳ ಅಪರೂಪದ ಹೆಸರುಗಳು ಎಂದು ಒಂದು ವಿಡಿಯೋ ಬಂತು. ಹತ್ತು ಲಕ್ಷ ಜನ ನೋಡಿದ್ದಾರೆಂದು ಕೆಳಗೇ ಇತ್ತು. ಹತ್ತು ಲಕ್ಷ ಜನ ನೋಡಿದ ಮೇಲೆ ಅದೆಂಥ ಅಪರೂಪ? ಅವನು ಬೆಚ್ಚಿ ಫೋನನ್ನು ಮೊಳೆ ಡಬ್ಬದ ಹಿಂದಿಟ್ಟ. ಆಗಲೇ ಅವನಿಗೆ ಆ ಮಹಾನ್ ಉಪಾಯ ಹೊಳೆದದ್ದು. ಜನ ಸೇರುವ ಕಡೆ ನಿಂತು ಹೆಸರನ್ನು ಕೂಗಬೇಕು. ಯಾರೂ ತಿರುಗಿ ನೋಡದಿದ್ದರೆ ಆ ಹೆಸರು ಪಾಸು.

ಹಾಸನದ ಬಸ್‌ಸ್ಟ್ಯಾಂಡಿನ ನಡುವೆ ನಿಂತು "ಸುಮಂತಾ" ಎಂದ. ಒಬ್ಬ ಕಾಲೇಜು ಹುಡುಗ ತಿರುಗಿದ, ಒಬ್ಬ ಕಂಡಕ್ಟರ್ ಟಿಕೆಟ್ ಮೆಷಿನ್ನಿನಿಂದ ತಲೆ ಎತ್ತಿದ, ಯಾರದೋ ಕಂಕುಳಲ್ಲಿದ್ದ ಕೂಸು ಅಳತೊಡಗಿತು. ಬಾಣಂತಿ ಹೆಂಡತಿ ಬಿಂದುಶ್ರೀಯನ್ನು ನೋಡಲು ಅವಳ ತವರು ಹೊಳೆನರಸೀಪುರಕ್ಕೆ ಹೋದಾಗ ಅಲ್ಲಿ "ಸುಜಯಾ" ಎಂದ. ಎಳನೀರಿನವನು ಮಚ್ಚು ಹಿಡಿದೇ ತಿರುಗಿ ಎಷ್ಟು ಕೊಚ್ಚಲಿ ಎಂದು ಕೇಳಿದ. ಕಾಂತರಾಜು ಒಲ್ಲದ ಮನಸ್ಸಿನಿಂದ ಎಳನೀರು ಕುಡಿದ.

ಕೊನೆಗೆ ಜೋಯಿಸರೇ ‘ಸುಮೇರು’ ಎಂಬ ಹೆಸರು ಕೊಟ್ಟರು. ಹಾಸನದಲ್ಲಿ ಕೂಗಿದ, ಯಾರೂ ತಿರುಗಲಿಲ್ಲ. ಹೊಳೆನರಸೀಪುರದಲ್ಲೂ ಇಲ್ಲ. ಅರಕಲಗೂಡಿನಲ್ಲಿ ಒಂದು ನಾಯಿ ಮಾತ್ರ ನೋಡಿತು. ಉಳಿದದ್ದು ಚನ್ನರಾಯಪಟ್ಟಣ. ಕಡೇ ಪರೀಕ್ಷೆಯಲ್ಲಿ ಯಾರಾದರೂ ತಿರುಗಿಬಿಟ್ಟರೆ ಎಂಬ ಭಯಕ್ಕೆ ಅವನ ಕಣ್ಣಲ್ಲಿ ನೀರಾಡಿತ್ತು. "ಸುಮೇರೂ... ಲೋ ಸುಮೇರೂ" ಎಂಬ ಅವನ ಆರ್ತನಾದಕ್ಕೆ ಇಡೀ ಬಸ್‌ಸ್ಟ್ಯಾಂಡೇ ತಿರುಗಿತು. ಹೋಮ್‌ಗಾರ್ಡ್ ಒಬ್ಬ ಓಡಿಬಂದ.

"ಮಗ ಕಳ್ದೋದ್ನಾ ಸಾ?"

ಇಲ್ಲವೆಂದರೆ ಮತ್ತೇಕೆ ಅರಚಿದೆ ಎಂದು ಕೇಳುತ್ತಾನೆ. ಹುಟ್ಟಿ ಎರಡು ತಿಂಗಳಾದ ಮಗುವಿನ ಹೆಸರನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ನೋಡುತ್ತಿದ್ದೆ ಎಂದರೆ ಸ್ಟೇಷನ್ನಿಗೆ ಕರೆದೊಯ್ಯುತ್ತಾನೆ. ಕಾಂತರಾಜು ಹೆದರಿ "ಊಂ" ಎಂದುಬಿಟ್ಟ. ತೊಟ್ಟ ಬಟ್ಟೆ ಯಾವುದೆಂದು ಕೇಳಿದಾಗ ನೀಲಿ ಚಡ್ಡಿ ಎಂದೂ ಹೇಳಿಬಿಟ್ಟ. ಮರುಕ್ಷಣವೇ ಮೈಕು ಮೊಳಗಿತು: ನೀಲಿ ಚಡ್ಡಿ ತೊಟ್ಟ ಸುಮೇರು ಎಂಬ ಬಾಲಕ ಎಲ್ಲಿದ್ದರೂ ಕಂಟ್ರೋಲರ್ ಕೊಠಡಿಗೆ ಬರತಕ್ಕದ್ದು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾರೋ ನೀರು ತಂದುಕೊಟ್ಟರು. ಎಷ್ಟು ಮೊಳಗಿದರೂ ಒಬ್ಬ ಸುಮೇರುವೂ ಬರಲಿಲ್ಲ. ಹೆಸರು ಪಾಸಾಗಿತ್ತು. ಎಲ್ಲರೂ ಶೌಚಾಲಯದ ಕಡೆ ಹುಡುಕಲು ಹೋದಾಗ ಕಾಂತರಾಜು ಹೊರಟಿದ್ದ ಬಸ್ಸಿಗೆ ಹಾರಿಕೊಂಡ.

ನಾಮಕರಣದಲ್ಲಿ ಸೋದರತ್ತೆ ಪ್ರತಿಭಾ, ಅಂದರೆ ಕಾಂತರಾಜುವಿನ ತಂಗಿ, ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಉಸುರಿದಳು. ಬಿಂದುಶ್ರೀ ಮಾತ್ರ ಹುಬ್ಬು ಗಂಟಿಕ್ಕಿದಳು.

"ಹೆಸ್ರು ಚೆನ್ನಾಗಿದೆ. ಆದ್ರೆ ಎಲ್ಲೋ ಕೇಳ್ದಂಗಿದೆ ಕಣ್ರೀ."

ಕಾಂತರಾಜು ಕಚ್ಚಿದ್ದ ಹೋಳಿಗೆಯನ್ನು ಎಲೆಯ ಮೇಲಿಟ್ಟ. ಸಾಧ್ಯವೇ ಇಲ್ಲ, ನಾಲ್ಕು ತಾಲ್ಲೂಕು ಜಾಲಾಡಿದ್ದೇನೆ ಎಂದು ಅವಳ ಮೇಲೆ ರೇಗಿದ.

ಮಗುವಿಗೆ ಹಲ್ಲು ಬರುವ ಹೊತ್ತಿಗೆ ಹೊಟ್ಟೆ ಕೆಟ್ಟಿತು. ಗಂಡಹೆಂಡತಿ ಹಾಸನದ ಮಕ್ಕಳ ಡಾಕ್ಟರ ಬಳಿಗೆ ಕರೆತಂದರು. ಸುತ್ತಲ ತಾಲ್ಲೂಕುಗಳ ಕೂಸುಗಳೆಲ್ಲ ಅಲ್ಲಿ ಅಳುತ್ತಿದ್ದವು. ನರ್ಸಮ್ಮ ಬಾಗಿಲಿಗೆ ಬಂದು "ಸುಮೇರು" ಎಂದರು.

ನಾಲ್ವರು ತಾಯಂದಿರು ಎದ್ದು ನಿಂತರು.

ಕಾಂತರಾಜು ಬೆರಳು ಮಡಿಸಿ ಎಣಿಸಿದ. ಬಿಂದುಶ್ರೀಯನ್ನು ಬಿಟ್ಟರೆ ಒಬ್ಬಳು ಅರಕಲಗೂಡಿನವಳು, ಒಬ್ಬಳು ಚನ್ನರಾಯಪಟ್ಟಣದವಳು, ಒಬ್ಬಳು ಹಳ್ಳಿಮೈಸೂರಿನ ಧನಲಕ್ಷ್ಮಿ. ಇದೇನು ಸೋಜಿಗ ಎಂದು ಬಿಂದುಶ್ರೀ ಕೇಳಿದಾಗ ಧನಲಕ್ಷ್ಮಿಯೇ ಕತೆ ಬಿಚ್ಚಿದಳು.

"ಚನ್ನರಾಯಪಟ್ಣದ ಬಸ್‌ಸ್ಟ್ಯಾಂಡಲ್ಲಿ ಒಬ್ಬಣ್ಣ ಮಗನ್ನ ಕಳ್ಕೊಂಡು ಕೂಗ್ತಿದ್ದ ಕಣಕ್ಕ. ಆ ದನಿ ಕೇಳಿ ಕರ್ಳು ಚುರುಕ್ ಅಂತು. ನಂಗೆ ಆಗ ಏಳು ತಿಂಗ್ಳು. ಆ ಮಗ ಸಿಕ್ಲಿ, ನಂದೂ ಗಂಡಾದ್ರೆ ಅದೇ ಎಸ್ರು ಮಡಗ್ತೀನಿ ಅಂತ ದೇವ್ರಿಗೆ ಅರಸ್ಕೊಂಡೆ."

ಉಳಿದಿಬ್ಬರು ಅದೇ ಸುದ್ದಿಯನ್ನು ವಾಟ್ಸಾಪಿನಲ್ಲಿ ನೋಡಿ, ಅತ್ತು, ನೂರಾರು ಜನರಿಗೆ ಕಳಿಸಿ, ಹಾಗೇ ಹರಕೆ ಹೊತ್ತವರು. ಊರಲ್ಲಿ ಇನ್ನಷ್ಟು ಸುಮೇರುಗಳಿದ್ದಾರೆ ಎಂದೂ ಅವರು ಹೇಳಿದರು. ಅಷ್ಟರಲ್ಲಿ ಧನಲಕ್ಷ್ಮಿ ಕಾಂತರಾಜುವಿನ ಮುಖವನ್ನೇ ದಿಟ್ಟಿಸಿದಳು.

"ಅಣ್ಣ, ನೀವೇ ಅಲ್ವಾ ಅವತ್ತು? ಸಿಕ್ಕಿದ್ನಾ ಮಗ?"

ಎಲ್ಲರ ಕಣ್ಣೂ ಅವನ ಮೇಲೆ, ಅದರಲ್ಲೂ ಬಿಂದುಶ್ರೀಯದು. ನಿಜ ಹೇಳಿದರೆ ಈ ತಾಯಂದಿರು ಚಪ್ಪಲಿ ತೆಗೆಯುತ್ತಾರೆ ಎನ್ನಿಸಿ ಅವನು ಹೆಂಡತಿಯ ಮಡಿಲಿನತ್ತ ಕೈ ತೋರಿಸಿ, "ಸಿಕ್ದ, ತಾಯಿ" ಎಂದ. ಅಂದು ಚಡ್ಡಿ ತೊಟ್ಟು ಓಡಾಡುತ್ತಿದ್ದವನು ಇಂದು ಮಡಿಲಲ್ಲಿರುವುದು ಹೇಗೆಂದು ಯಾರೂ ಕೇಳಲಿಲ್ಲ. ಧನಲಕ್ಷ್ಮಿ ಅಳುತ್ತಲೇ ಮಗುವಿಗೆ ನೆಟಿಕೆ ಮುರಿದಳು. ಬಿಂದುಶ್ರೀ ಗಂಡನತ್ತ ನೋಡಿ ಸಣ್ಣಗೆ ನಕ್ಕಳು. ಕಾಂತರಾಜುವಿಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಅದಕ್ಕೇ.

ನಾಲ್ವರಲ್ಲಿ ಯಾರನ್ನು ಒಳಗೆ ಬಿಡುವುದೆಂದು ನರ್ಸಮ್ಮ ಕ್ಷಣ ಯೋಚಿಸಿದರು. ಆಮೇಲೆ ಅವರಿಗೆ ದಾರಿ ಸಿಕ್ಕಿತು.

"ಕಳೆದೋಗಿದ್ದ ಸುಮೇರು, ಮೊದ್ಲು ಬನ್ನಿ."

ಅಂದು ಸಂಜೆ ದುದ್ದದಲ್ಲಿ ಬಸ್ ಇಳಿಯುವ ಮೊದಲೇ ಆ ಬಿರುದು ಊರು ಸೇರಿತ್ತು. ದೊಡ್ಡತಾಯಮ್ಮ ಬಾಗಿಲಲ್ಲೇ ಮೊಮ್ಮಗನನ್ನು ಎತ್ತಿಕೊಂಡು ಮಗನತ್ತ ನೋಡಿದರು.

"ಮಂಜುನಾತ ಅಂತ ಮಡಗಿದ್ರೆ ಮಗ ಕಳ್ದೋಯ್ತಿತ್ತೇನ್ಲಾ, ತಿಪ್ಪೆ?"