ತಡಿಯಂಡಮೋಳ್ ಹತ್ತಿಸುವವನ ಪಾಡು

ಕಕ್ಕಬೆಯಲ್ಲಿ ನನ್ನ ಕೆಲಸ ಏನೆಂದು ಊರವರಿಗೆ ಇನ್ನೂ ಸರಿಯಾಗಿ ಅರ್ಥವಾಗಿಲ್ಲ. ಬೆಳಗ್ಗೆ ಹೋಮ್‌ಸ್ಟೇಗಳಿಂದ ಜನರನ್ನು ಕರೆದುಕೊಂಡು ತಡಿಯಂಡಮೋಳ್ ಬೆಟ್ಟ ಹತ್ತಿಸುತ್ತೇನೆ, ಮಧ್ಯಾಹ್ನ ಇಳಿಸುತ್ತೇನೆ. "ಇಳಿಯಲಿಕ್ಕೇ ಆದ್ರೆ ಹತ್ತುವುದು ಯಾಕೆ?" ಎಂದು ನನ್ನ ಅತ್ತೆ ಮದುವೆಯ ಮಾತುಕತೆಯ ದಿನವೇ ಕೇಳಿದ್ದರು. ಹದಿನೈದು ವರ್ಷವಾಯಿತು, ಉತ್ತರ ಸಿಕ್ಕಿಲ್ಲ. ಬೆಟ್ಟವೇನೋ ಇದ್ದ ಹಾಗೇ ಇದೆ. ಹತ್ತಲು ಬರುವವರು ಮಾತ್ರ ದಿನಕ್ಕೊಂದು ಬಗೆ. ಹಾಗಾಗಿ ಏನಾದರೊಂದು ಆಗುತ್ತಲೇ ಇರುತ್ತದೆ.

ಕಲ್ಲು ಹೊತ್ತವರು

ಒಮ್ಮೆ ನಾಲ್ವರು ಗಟ್ಟಿ ಆಳುಗಳು ಬಂದರು. ಹಿಮಾಲಯಕ್ಕೆ ಹೋಗುವ ತಯಾರಿಯಂತೆ. ಮಾಮೂಲಿ ದಾರಿ ಬೇಡ, ಕಷ್ಟದ್ದು ಬೇಕು ಎಂದರು. ಇರುವುದೊಂದೇ ದಾರಿ, ಬೇರೆ ಕಡೆ ಅರಣ್ಯ ಇಲಾಖೆಯವರು ಬಿಡುವುದಿಲ್ಲ ಎಂದೆ. ಹಾಗಾದರೆ ಕಷ್ಟವನ್ನು ನಾವೇ ಮಾಡಿಕೊಳ್ಳುತ್ತೇವೆ ಎಂದು ಬೆಟ್ಟದ ಬುಡದಲ್ಲಿರುವ ಹಳೆಯ ಅರಮನೆಯ ಹತ್ತಿರ ನಿಂತು ಬೆನ್ನಚೀಲಗಳಿಗೆ ಕಲ್ಲು ತುಂಬಿಸಿಕೊಂಡರು.

ಕೊನೆಯ ಏರಿನಲ್ಲಿ ನಾಲ್ವರೂ ನಾಲ್ಕು ಕಾಲಿನಲ್ಲಿದ್ದರು. ತುದಿ ತಲುಪಿದರೆ, ನಮ್ಮೂರಿನ ಮುದುಕರೊಬ್ಬರು ಹವಾಯಿ ಚಪ್ಪಲಿ ಹಾಕಿಕೊಂಡು, ಎಲೆಯಡಿಕೆ ಜಗಿಯುತ್ತಾ, ಸುತ್ತ ನೋಡಿಕೊಂಡು ಕೂತಿದ್ದಾರೆ. ಏದುಸಿರು ಬಿಡುತ್ತಿದ್ದ ಇವರನ್ನು ಕಂಡು ಅವರಿಗೆ ಪಾಪ ಅನಿಸಿತು.

"ನಿಮ್ಮದೂ ಹಸು ಕಳೆದದ್ದಾ? ನನ್ನದು ಎರಡು ದಿನದಿಂದ ಕಾಣುವುದಿಲ್ಲ" ಎಂದರು.

ಏನೂ ಕಳೆದಿಲ್ಲ, ಸುಮ್ಮನೆ ಬಂದದ್ದು ಎಂದು ಒಬ್ಬ ಹೇಳಿದ. ಮುದುಕರಿಗೆ ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ನಾಲ್ವರೂ ಚೀಲ ಬಿಚ್ಚಿ ಕಲ್ಲುಗಳನ್ನು ಸುರಿದರು. ಮುದುಕರು ಆ ರಾಶಿಯನ್ನು ನೋಡಿದರು, ಬೆಟ್ಟವನ್ನು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಇಲ್ಲಿ ಕಲ್ಲು ಕಮ್ಮಿ ಉಂಟು ಅಂತ ಇವರಿಗೆ ಯಾರು ಹೇಳಿದ್ದು?"

ಬಿಳಿ ಫೋಟೊ

ಮೈಸೂರಿನ ವಿಮಾ ಅಧಿಕಾರಿಯೊಬ್ಬರು ಎರಡು ಸಲ ಬಂದು ಅರ್ಧಕ್ಕೇ ಇಳಿದಿದ್ದರು. ಮೂರನೇ ಸಲ ಹಲ್ಲು ಕಚ್ಚಿ ಹತ್ತಿಯೇಬಿಟ್ಟರು. ಆದರೆ ತುದಿಯಲ್ಲಿ ಮಂಜು ಎಂದರೆ ಮಂಜು, ಅವರ ಶೂ ಅವರಿಗೇ ಕಾಣದಷ್ಟು. ಒಂದು ಗಂಟೆ ಕಾದೆವು, ಸರಿಯಲಿಲ್ಲ. ಕೊನೆಗೆ ಹಾಗೇ ನಿಲ್ಲಿಸಿ ಇಪ್ಪತ್ತು ಫೋಟೊ ತೆಗೆದೆ. ಇಪ್ಪತ್ತರಲ್ಲೂ ಒಬ್ಬ ಮನುಷ್ಯ, ಹಿಂದೆ ಬರೀ ಬಿಳಿ.

ಮನೆಯಲ್ಲಿ ಯಾರೂ ನಂಬಲಿಲ್ಲವಂತೆ. ಆಫೀಸಿನಲ್ಲಿ, ಯಾವ ಗೋಡೆ ಸಾರ್ ಇದು ಎಂದರಂತೆ. ಫೋನ್ ಮಾಡಿ ಬೇಸರಪಟ್ಟುಕೊಂಡರು. ನನಗೂ ಏನೋ ಒಂಥರ ಆಯಿತು, ಮೋಡವನ್ನು ನಾನೇ ತಂದಿಟ್ಟ ಹಾಗೆ.

ತಿಂಗಳ ಮೇಲೆ ಮತ್ತೆ ಫೋನ್ ಬಂತು. ಈ ಸಲ ದನಿಯಲ್ಲಿ ಖುಷಿ.

"ಒಂದು ಫೋಟೊ ಉಪಯೋಗಕ್ಕೆ ಬಂತಪ್ಪ. ವೀಸಾ ಅರ್ಜಿಗೆ ಹಾಕಿದೆ. ಇಷ್ಟು ಚೆಂದದ ಬಿಳಿ ಹಿನ್ನೆಲೆ ಯಾವ ಸ್ಟುಡಿಯೋದ್ದು ಅಂತ ಅಲ್ಲಿಯವರು ವಿಳಾಸ ಕೇಳಿದ್ರು."

ಕೈಗಡಿಯಾರದ ಲೆಕ್ಕ

ಇನ್ನೊಬ್ಬರಿಗೆ ಹೆಜ್ಜೆ ಎಣಿಸುವ ಗಡಿಯಾರದ ಹುಚ್ಚು. ಗೆಳೆಯರೆಲ್ಲ ಹೆಂಡತಿಯರ ಸಮೇತ ಸೇರಿ ಫೋನಿನಲ್ಲೇ ನಡಿಗೆಯ ಪಂದ್ಯ ಇಟ್ಟುಕೊಂಡಿದ್ದರು. ಯಾರು ಎಷ್ಟು ನಡೆದರೆಂದು ಎಲ್ಲರಿಗೂ ಕಾಣುತ್ತದೆ. ಅರ್ಧ ದಾರಿಯ ದೊಡ್ಡ ಬಂಡೆಯ ಹತ್ತಿರ ಇವರ ಗಡಿಯಾರದ ಚಾರ್ಜ್ ಮುಗಿಯಿತು. ಮನುಷ್ಯ ಅಲ್ಲೇ ಕೂತುಬಿಟ್ಟರು. ಲೆಕ್ಕಕ್ಕೆ ಬರದ ಹೆಜ್ಜೆ ಇಟ್ಟು ಪ್ರಯೋಜನವೇನು ಎಂಬುದು ಅವರ ವಾದ.

ಜೊತೆಗಿದ್ದ ಹೆಂಡತಿಗೆ ಮೊದಲೇ ಸಾಕಾಗಿತ್ತು. ತನ್ನ ಗಡಿಯಾರವನ್ನೇ ಬಿಚ್ಚಿ ಅವರ ಕೈಗೆ ಕಟ್ಟಿದರು. ನೀವು ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ ಎಂದು ಬಂಡೆಯ ನೆರಳಿನಲ್ಲಿ ಕೂತು ಕಿತ್ತಳೆ ಸುಲಿಯತೊಡಗಿದರು. ನಮ್ಮ ಜೊತೆ ಬಂದಿದ್ದ ಹೋಮ್‌ಸ್ಟೇಯ ಇಬ್ಬರು ಹೆಂಗಸರೂ ಅಲ್ಲೇ ಉಳಿದದ್ದರಿಂದ ಮಾತಿಗೆ ಜನವೂ ಸಿಕ್ಕಿತು.

ನಾವು ತುದಿ ಮುಟ್ಟಿ ಬರುವಷ್ಟರಲ್ಲಿ ಫೋನುಗಳಿಗೆಲ್ಲ ಸುದ್ದಿ ಮುಟ್ಟಿತ್ತು. ಯಜಮಾನರು ಅರ್ಧ ದಾರಿಯಲ್ಲೇ ಕೈಬಿಟ್ಟರು, ಹೆಂಡತಿ ಶಿಖರ ಏರಿದರು! ಗೆಳೆಯರ ಅಭಿನಂದನೆಗಳ ಮಳೆ. ಯಜಮಾನರು ಒಬ್ಬೊಬ್ಬರಿಗೂ ವಿವರಣೆ ಬರೆಯಲು ಹೊರಟರು. ಹೆಂಡತಿ ಕೊನೆಯ ತೊಳೆ ಬಾಯಿಗೆ ಹಾಕಿಕೊಂಡು ತಡೆದರು.

"ಬಿಡಿ, ಬರೀಬೇಡಿ. ನಂಗೂ ತುಂಬ ಸುಸ್ತಾಗಿದೆ."

ಹಿಂದಿನವನು

ಇದು ಗಾಳಿಬೀಡಿನಿಂದ ಭಾಗಮಂಡಲಕ್ಕೆ ಎರಡು ದಿನದ ನಡಿಗೆಯ ಪಂದ್ಯದಲ್ಲಿ ಆದದ್ದು. ಎರಡನೇ ದಿನ ಸಂಜೆ ಐದರೊಳಗೆ ಮುಟ್ಟಿದವರಿಗೆ ಪದಕ. ಎಲ್ಲರಿಗಿಂತ ಹಿಂದೆ ನಡೆಯುವ ಗೈಡ್ ನಾನು. ನನಗಿಂತ ಹಿಂದೆ ಉಳಿದವರು ಪಂದ್ಯದಿಂದ ಹೊರಗೆ. ಅವರನ್ನು ಹತ್ತಿಸಿಕೊಳ್ಳಲು ನನ್ನ ಹಿಂದೆ ಒಂದು ಜೀಪು.

ನನ್ನ ಮುಂದೆಯೇ ಇದ್ದವರು ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು. ಮಂಡಿಯ ಆಪರೇಷನ್ ಆಗಿ ವರ್ಷವಾಗಿತ್ತು. ಡಾಕ್ಟರು ಏನು ಹೇಳಿದ್ದಾರೆ ಎಂದು ಕೇಳಿದೆ.

"ದಿನಾ ಗೇಟಿನವರೆಗೆ ನಡೀರಿ ಅಂದ್ರು. ಯಾವ ಗೇಟು ಅಂತ ಹೇಳಲಿಲ್ಲ" ಎಂದರು.

ಮಕ್ಕಳು ಅವರನ್ನು ಮನೆಯ ಮೆಟ್ಟಿಲು ಇಳಿಯಲೂ ಬಿಡುತ್ತಿರಲಿಲ್ಲವಂತೆ. ಆ ಪದಕವನ್ನು ತೆಗೆದುಕೊಂಡು ಹೋಗಿ ಊಟದ ಮೇಜಿನ ಮೇಲೆ ಇಡಬೇಕು, ಆಮೇಲೆ ಮಾತೇ ಆಡುವುದಿಲ್ಲ ಎಂದರು. ಅಷ್ಟು ಕೇಳಿದ ಮೇಲೆ ನಾನು ಅವರನ್ನು ದಾಟುವುದುಂಟೇ? ಅವರು ಕೂತರೆ ಕೂತೆ, ನಿಂತರೆ ನಿಂತೆ.

ಆರು ಕಿಲೋಮೀಟರ್ ಉಳಿದಿರುವಾಗ, ಅವರ ಮಂಡಿಯ ಮೇಲೇ ಕಣ್ಣಿಟ್ಟು ನಡೆಯುತ್ತಿದ್ದ ನಾನು ರಸ್ತೆ ಬದಿಯ ಚರಂಡಿಗೆ ಕಾಲು ಹಾಕಿದೆ. ಪಾದ ಉಳುಕಿ ನೆಲಕ್ಕೆ ಊರಲಾಗಲಿಲ್ಲ. ಅವರು ತಮ್ಮ ದುಪಟ್ಟಾ ಬಿಚ್ಚಿ ಬಿಗಿಯಾಗಿ ಕಟ್ಟಿದರು. ನನ್ನನ್ನು ಜೀಪಿಗೆ ಹತ್ತಿಸಿದ್ದಾಯಿತು. ಜೀಪಿನಲ್ಲಿದ್ದ ವ್ಯವಸ್ಥಾಪಕರು, ಮೇಡಂ ನೀವೂ ಹತ್ತಿ, ಹಿಂದಿನ ಗೈಡೇ ಹೋದ ಮೇಲೆ ನೀವು ಹೊರಗಾದ ಹಾಗೇ ಎಂದರು.

ಮೇಡಂ ನಿಯಮದ ಕಾಗದ ಕೇಳಿದರು. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರು. ಗೈಡ್ ನಡೆಯಲೇಬೇಕು ಎಂದು ಇದರಲ್ಲಿ ಬರೆದಿಲ್ಲ, ನನ್ನ ಹಿಂದೆ ಇದ್ದರೆ ಸಾಕು, ಜೀಪು ನನ್ನ ಹಿಂದೆ ಬರಲಿ ಎಂದು ಕಾಗದ ವಾಪಸು ಕೊಟ್ಟು ಹೊರಟೇಬಿಟ್ಟರು. ಆ ದನಿಗೆ ಡ್ರೈವರ್ ತಾನಾಗಿ ಫಸ್ಟ್ ಗೇರ್ ಹಾಕಿದ.

ಸರಿ, ಮುಂದೆ ಮೇಡಂ, ಹಿಂದೆ ಜೀಪಿನಲ್ಲಿ ಕಾಲು ಮೇಲಿಟ್ಟುಕೊಂಡು ನಾನು. ಎದುರಿನಿಂದ ಬಂದ ಬಸ್ಸಿನವರು ಯಾರೋ ಮಂತ್ರಿ ಇರಬೇಕೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಆಮೆ ನಡಿಗೆಯಲ್ಲಿ ಐದು ಕಿಲೋಮೀಟರ್ ಬಂದ ಜೀಪಿಗೆ ಕೊನೆಯ ಏರು ತಡೆಯಲಿಲ್ಲ. ರೇಡಿಯೇಟರ್ ಕುದಿದು, ಹೊಗೆಯೆದ್ದು ನಿಂತೇಹೋಯಿತು. ಮೇಡಂ ಒಮ್ಮೆ ತಿರುಗಿ ನೋಡಿದರು. ಗಡಿಯಾರ ನೋಡಿಕೊಂಡರು. ಮುಂದೆ ನಡೆದರು.

ಐದಕ್ಕೆ ನಾಲ್ಕು ನಿಮಿಷ ಇರುವಾಗ ಮುಟ್ಟಿದರಂತೆ. ನನಗೆ ಗೊತ್ತಾಗಿದ್ದು ಐದೂವರೆಗೆ, ಪದಕ ಹಾಕಿಕೊಂಡು ಕೈಯಲ್ಲಿ ಕಾಫಿ ಫ್ಲಾಸ್ಕ್ ಹಿಡಿದು ಅವರು ಅಷ್ಟು ದೂರ ಮತ್ತೆ ನಡೆದು ಜೀಪಿನ ಹತ್ತಿರ ಬಂದಾಗ. ನನಗೆ ಕಾಫಿ ಕೊಟ್ಟು, ಎಲ್ಲರೂ ತಲುಪಿದರು, ಪಟ್ಟಿಯಲ್ಲಿ ಪೂರೈಸದವನೆಂದು ಇರುವುದು ನಿನ್ನದೊಂದೇ ಹೆಸರು ಎಂದು ತಿಳಿಸಿದರು. ಹದಿನೈದು ವರ್ಷದ ಗೈಡ್ ನಾನು, ಮುಖ ಸಣ್ಣದಾಗಿರಬೇಕು. ನೂರಾರು ಮಕ್ಕಳನ್ನು ಸಮಾಧಾನಪಡಿಸಿ ಅಭ್ಯಾಸವಾದ ಕೈಯಲ್ಲಿ ಬೆನ್ನು ತಟ್ಟಿದರು.

"ಫೇಲಾದೆ ಅಂತ ಅಳಬಾರದು. ಸಪ್ಲಿಮೆಂಟರಿ ಉಂಟು."