ಹಿಗ್ಗಿಸಿದ ಕತ್ತಲು

ಟೆರೇಸಿನ ಚಾವಿ ನಂಜುಂಡನ ಹತ್ತಿರ ಇತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಮುಲುಂಡಿನಲ್ಲಿ ಅವನಿದ್ದ ಬಿಲ್ಡಿಂಗಿನ ಟೆರೇಸಿನ ಮೇಲಿದ್ದ ಟ್ಯಾಂಕಿನ ನೀರು ಕೆಲವು ತಿಂಗಳಿಂದ ಬೆಳಗಾಗುವ ಮೊದಲೇ ಖಾಲಿಯಾಗುತ್ತಿತ್ತು. ರಾತ್ರಿ ಟ್ಯಾಂಕಿನ ಹತ್ತಿರ ಸುಳಿಯುವವನು ನಂಜುಂಡ ಒಬ್ಬನೇ. ನಕ್ಷತ್ರಗಳ ಫೋಟೋ ತೆಗೆಯುತ್ತೇನೆ ಎಂದರೆ ಬಿಲ್ಡಿಂಗಿನ ಸೊಸೈಟಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಮುಂಬಯಿಯಲ್ಲಿ ನಕ್ಷತ್ರಗಳಿವೆ ಎಂಬುದೇ ಅವರಿಗೆ ಹೊಸ ಸುದ್ದಿ.

ಅವತ್ತು ಬೆಳಿಗ್ಗೆ ಸೆಕ್ರೆಟರಿ ಶಿವಪುತ್ರಪ್ಪ ಮೆಟ್ಟಿಲಲ್ಲೇ ಅಡ್ಡಗಟ್ಟಿದರು. ವಿಜಾಪುರದ ಕಡೆಯವರು, ನಂಜುಂಡನ ಮೇಲಿನ ಮನೆಯಲ್ಲೇ ಇದ್ದರು.

"ಸಂಜಿಗೆ ಮೀಟಿಂಗ್ ಐತ್ರಿ. ನಕ್ಷತ್ರದ ಫೋಟೋ ತೋರಿಸ್ರಿ, ಇಲ್ಲಾಂದ್ರ ಚಾವಿ ಕೊಡ್ರಿ."

ಹೆಂಡತಿ ಶಾಮಲಾ ಊಟದ ಡಬ್ಬಿ ಕೊಡುತ್ತ, "ರೀ, ಫೋಟೋ ಮಾತ್ರ ತೋರಿಸಿ ಬಂದುಬಿಡಿ. ನೀರಿನ ವಿಷಯ ಎತ್ತಬೇಡಿ" ಎಂದಳು. ಇವಳು ಸೆಕ್ರೆಟರಿಗೆ ಇಷ್ಟು ಹೆದರುವುದೇ ಎಂದು ನಂಜುಂಡನಿಗೆ ಬೇಸರವಾಯಿತು.

ಅವನ ಹತ್ತಿರ ಇದ್ದದ್ದು ಒಂದೇ ಫೋಟೋ, ಮಹಾವ್ಯಾಧ ನಕ್ಷತ್ರಪುಂಜದ್ದು. ರೋಲ್ ತೊಳೆದ ಸ್ಟುಡಿಯೋದವನು ಏನೂ ಬಂದಿಲ್ಲವೆಂದು ಕನಿಕರದಿಂದ ಕೊಟ್ಟಿದ್ದ. ಅದು ದೋಸೆ ಕಾವಲಿಯಷ್ಟು ಕಪ್ಪಗಿತ್ತು. ಆದರೆ ನಂಜುಂಡ ಕೆಲಸ ಮಾಡುತ್ತಿದ್ದ ಘಾಟ್ಕೋಪರಿನ ಪ್ರೆಸ್ಸಿಗೆ ಆ ವರ್ಷವಷ್ಟೇ ಕಂಪ್ಯೂಟರು, ಸ್ಕ್ಯಾನರು ಬಂದಿದ್ದವು. ಮದುವೆ ಕಾರ್ಡಿನ ಚಿತ್ರ ತಿದ್ದಲು ಅದರಲ್ಲೊಂದು ಸಾಫ್ಟ್‌ವೇರ್ ಇತ್ತು. ಒಂದಕ್ಕೊಂದು ಅಂಟಿಕೊಂಡ ಕಪ್ಪು ಛಾಯೆಗಳನ್ನು ಅದು ಹಪ್ಪಳ ಲಟ್ಟಿಸಿದ ಹಾಗೆ ಹಿಗ್ಗಿಸುತ್ತಿತ್ತು. ಹಿಗ್ಗಿಸಿದಷ್ಟೂ ಕತ್ತಲಲ್ಲಿ ಅಡಗಿದ್ದು ಹೊರಬರುತ್ತಿತ್ತು.

ಊಟದ ಬಿಡುವಿನಲ್ಲಿ ನಂಜುಂಡ ಫೋಟೋ ಸ್ಕ್ಯಾನ್ ಮಾಡಿ ಹಿಗ್ಗಿಸಿದ. ವ್ಯಾಧನ ಭುಜ ಬಂತು, ಕಾಲು ಬಂತು, ಸೊಂಟಪಟ್ಟಿಯ ಮೂರು ನಕ್ಷತ್ರ ಬಂದವು. ಅವನಿಗೆ ಕಣ್ಣು ತುಂಬುವಷ್ಟು ಸಂತೋಷವಾಯಿತು. ಚಾವಿ ಉಳಿಯಿತು ಎಂದುಕೊಂಡು ಡಬ್ಬಿ ತೊಳೆಯಲು ಹೋದ.

ವಾಪಸು ಬಂದಾಗ ಪಕ್ಕದ ಮೇಜಿನ ಪುಟ್ಟಲಕ್ಷ್ಮಿ ಅವನ ಕುರ್ಚಿಯಲ್ಲಿ ಕೂತಿದ್ದಳು. ಪರದೆಯ ಮೇಲೆ ವ್ಯಾಧನ ಸುಳಿವಿರಲಿಲ್ಲ.

"ತುಂಬಾ ಧೂಳಿತ್ತು ಸಾರ್. ಎಲ್ಲಾ ಒರೆಸಿಬಿಟ್ಟೆ."

"ಅದು ಧೂಳಲ್ಲ ತಾಯಿ, ನಕ್ಷತ್ರ."

"ಮೊದಲೇ ಹೇಳಬಾರದಾ? ಕಾರ್ಡಿನ ಗಣಪತಿ ಮುಖದ ಮೇಲೂ ಇಂಥವೇ ಇರ್ತವೆ, ದಿನಾ ಒರೆಸ್ತೀನಿ."

ಮತ್ತೆ ಸ್ಕ್ಯಾನ್ ಆಯಿತು, ಮತ್ತೆ ವ್ಯಾಧ ಬಂದ. ಅಷ್ಟಕ್ಕೆ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಪುಟ್ಟಲಕ್ಷ್ಮಿ ಬಗ್ಗಿ ನೋಡಿ, "ಇನ್ನೂ ಸ್ವಲ್ಪ ಹಿಗ್ಗಿಸಿ ಸಾರ್, ಕೆಳಗಡೆ ಏನೋ ಇದೆ" ಎಂದಳು.

ಹಿಗ್ಗಿಸಿದ. ನೀರಿನ ಟ್ಯಾಂಕು ಕಂಡಿತು. ಅದರ ಮುಚ್ಚಳದ ಸಂದಿಯಿಂದ ಸಣ್ಣದೊಂದು ಪ್ಲಾಸ್ಟಿಕ್ ಪೈಪು ಹೊರಟು, ಟೆರೇಸಿನ ಗೋಡೆ ಹತ್ತಿ, ಹಿಂಬದಿಗೆ ಇಳಿದಿತ್ತು. ನೇರ ಕೆಳಗೆ ಶಿವಪುತ್ರಪ್ಪನವರ ಅಡುಗೆಮನೆ.

ನಂಜುಂಡನ ಮೈ ಉರಿಯಿತು. ಕದಿಯುವವರು ತಾವು, ಚಾವಿ ಕೇಳುವುದು ನನ್ನನ್ನು. ಪೈಪು ಎಂಥವರಿಗೂ ಕಾಣಬೇಕೆಂದು ಹಿಗ್ಗಿಸಿದ, ಮತ್ತಷ್ಟು ಹಿಗ್ಗಿಸಿದ. ಆಕಾಶ ಬೆಳ್ಳಗಾಗಿ ನಕ್ಷತ್ರಗಳೆಲ್ಲ ಅದರಲ್ಲಿ ಮುಳುಗಿದವು. ಹೋಗಲಿ ಎಂದುಕೊಂಡು ಪ್ರಿಂಟ್ ತೆಗೆದ. ನಕ್ಷತ್ರದ್ದೂ ಒಂದು ಪ್ರಿಂಟ್ ತೆಗೆಯುವಷ್ಟರಲ್ಲಿ ಮಾಲೀಕರು ಬಂದು ಅವನನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿದರು.

ಸಂಜೆ ಮೀಟಿಂಗಿನಲ್ಲಿ ಪ್ರಿಂಟು ಕೈಯಿಂದ ಕೈಗೆ ಹೋಯಿತು. "ನೋಡಿ, ನೀರು ಎಲ್ಲಿಗೆ ಹೋಗ್ತಿದೆ ಅಂತ" ಎಂದ ನಂಜುಂಡ, ಸೆಕ್ರೆಟರಿಯ ಮುಖವನ್ನೇ ನೋಡುತ್ತ.

ಶಿವಪುತ್ರಪ್ಪ ಬೆಚ್ಚಲಿಲ್ಲ. "ನಡೀರಿ, ನೋಡೇಬಿಡೂಣು" ಎಂದು ಟಾರ್ಚ್ ಹಿಡಿದು ಎಲ್ಲರನ್ನೂ ಬಿಲ್ಡಿಂಗಿನ ಹಿಂದಕ್ಕೆ ಕರೆದೊಯ್ದರು. ಡ್ರೈನೇಜ್ ಪೈಪಿನ ಮರೆಯಲ್ಲಿ ಆ ಸಣ್ಣ ಪೈಪು ಇಳಿದು ಬಂದಿತ್ತು. ಟಾರ್ಚಿನ ಬೆಳಕು ಅದರ ಜೊತೆಗೇ ಇಳಿಯಿತು. ಶಿವಪುತ್ರಪ್ಪನವರ ಕಿಟಕಿ ಬಂತು. ಪೈಪು ಅಲ್ಲಿ ನಿಲ್ಲಲಿಲ್ಲ. ಕೆಳಗಿನ ಮನೆಯ ಕಿಟಕಿಯೊಳಕ್ಕೆ ಹೋಗಿತ್ತು.

ಈ ತೊಂದರೆ ಶುರುವಾದ ಮೇಲೂ ತನ್ನ ಮನೆಯಲ್ಲಿ ಒಂದು ದಿನವೂ ಸ್ನಾನಕ್ಕೆ ನೀರು ತಪ್ಪಿರಲಿಲ್ಲ ಎಂಬುದು ನಂಜುಂಡನಿಗೆ ಆಗ ಹೊಳೆಯಿತು. ನಾಚಿಕೆಯಿಂದ ತಲೆ ತಗ್ಗಿತು.

ಕಿಟಕಿಯಲ್ಲಿ ಶಾಮಲಾ ಕಾಣಿಸಿಕೊಂಡಳು. "ಫೋಟೋ ಮಾತ್ರ ತೋರಿಸಿ ಅಂದಿದ್ದೆ" ಎಂದಳು.

ಶಿವಪುತ್ರಪ್ಪ ಪ್ರಿಂಟನ್ನು ಟಾರ್ಚಿನ ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ಹುಡುಕಿದರು.

"ಪೈಪ್ ಬರೋಬ್ಬರಿ ಬಂದೈತಿ. ನಕ್ಷತ್ರ ಎಲ್ಲಿ ಅದಾವ್ರಿ?"

ನಂಜುಂಡ ಜೇಬಿಗೆ ಕೈ ಹಾಕಿ ಚಾವಿ ತೆಗೆದ.